ಒದ್ದೆ ಕೂದಲಿನ ಅಳತೆ

ಆ ಅಂಗಡಿಯ ಕುರ್ಚಿಯಲ್ಲಿ ಕೂತವರ ತಲೆಗೆ ಮೊದಲು ನೀರು ಬೀಳುತ್ತದೆ. ಸೈಕಲ್ ಹೆಲ್ಮೆಟ್ ಕೊಳ್ಳಲೆಂದು ಬಂದವರು ಗೋಡೆಯ ಕಡೆ ಕಣ್ಣು ಹಾಯಿಸುವುದರೊಳಗೆ ಅವಳು ಸ್ಪಂಜನ್ನು ಬಟ್ಟಲಿನಲ್ಲಿ ಅದ್ದಿ, ಹಣೆಯಿಂದ ಹೆಗ್ಗತ್ತಿನವರೆಗೆ ಒತ್ತಿ ಒತ್ತಿ ಕೂದಲನ್ನು ಬುರುಡೆಗೆ ಅಂಟಿಸಿಬಿಡುತ್ತಾಳೆ. ಹೊಸಬರು ಬೆಚ್ಚಿಬೀಳುತ್ತಾರೆ.

"ಇದೇನಮ್ಮ, ನಾನೇನು ಕ್ಷೌರಕ್ಕೆ ಬಂದೆನಾ?"

"ಕೂದಲು ತಲೆಯಲ್ಲಪ್ಪ. ನಿನ್ನ ತಲೆ ಎಲ್ಲಿದೆ ಅಂತ ಹುಡುಕ್ತಾ ಇದೀನಿ."

"ನಮ್ಮ ಮನೆಯವಳೂ ಮದುವೆ ಆದಾಗಿನಿಂದ ಅದನ್ನೇ ಹುಡುಕ್ತಾ ಇದಾಳೆ."

ಅವಳು ನಗುತ್ತಾಳೆ, ಆದರೆ ಕೈ ನಿಲ್ಲುವುದಿಲ್ಲ. ಹುಬ್ಬಿನಿಂದ ಎರಡು ಬೆರಳು ಮೇಲೆ ದಾರ ಸುತ್ತಿ, ತುದಿಗೆ ತುದಿ ಸೇರುವಲ್ಲಿ ಗಂಟು ಹಾಕುತ್ತಾಳೆ. ಆಮೇಲೆ ಹೆಲ್ಮೆಟ್ ಇಟ್ಟು, ಪಟ್ಟಿ ಕಟ್ಟುವ ಮೊದಲೇ ತಲೆ ಕೊಡವಲು ಹೇಳುತ್ತಾಳೆ. ಹಣೆಯ ಚರ್ಮ ಹೆಲ್ಮೆಟ್ಟಿನ ಜೊತೆಗೇ ಸರಿಯಬೇಕು. ಅಕ್ಕಪಕ್ಕದ ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು. ಗಲ್ಲದ ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಮೂರನೆಯದು ಹೋಗಬಾರದು. ಕೊನೆಗೆ, "ಆಕಳಿಸೋ ಹಾಗೆ ಬಾಯಿ ತೆಗಿ" ಅನ್ನುತ್ತಾಳೆ. ಬಾಯಿ ತೆರೆದಾಗ ಹೆಲ್ಮೆಟ್ ನೆತ್ತಿಯನ್ನು ಕೆಳಕ್ಕೆ ಜಗ್ಗಿದರೆ ಸರಿ, ಜಗ್ಗದಿದ್ದರೆ ಎಲ್ಲವೂ ಮೊದಲಿನಿಂದ. ಎಲ್ಲ ಸರಿಹೋದ ಮೇಲೆ ಕ್ಲಿಪ್ಪನ್ನು ಚಟ್ಟನೆ ಸೇರಿಸುವಾಗ ಅವಳ ತುಟಿ ಒಂದು ಗಳಿಗೆ ಅಲುಗುತ್ತದೆ. ದೇವರೇ, ಇದು ಕೆಲಸಕ್ಕೆ ಬಾರದೇ ಇರಲಿ. ಇದು ಅವಳಪ್ಪ ಕಲಿಸಿದ ಪ್ರಾರ್ಥನೆ. ತಾನು ಮಾಡಿದ ವಸ್ತು ಕೆಲಸಕ್ಕೆ ಬಾರದಿರಲಿ ಎಂದು ಬೇಡಿಕೊಳ್ಳುವ ಕಸಬು ಲೋಕದಲ್ಲಿ ಇದೊಂದೇ ಇರಬೇಕು ಎಂದು ಅವನು ಹೇಳುತ್ತಿದ್ದ.

ಎಲ್ಲರೂ ಅವಳನ್ನು ಅಳತೆಯಮ್ಮ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತೆಂಟು, ಮದುವೆಯಾಗಲಿಲ್ಲ. ಅಂಗಡಿ ಇರುವುದು ಸೈಕಲ್ ಪಂದ್ಯದ ಮೈದಾನದ ಹಿಂದಿನ ಓಣಿಯಲ್ಲಿ. ಅಂಗಡಿಯ ಹಿಂಗೋಡೆಯ ಆಚೆಗೇ ಸಿಮೆಂಟಿನ ಓಟದ ಪಥ. ಸವಾರರು ಅಭ್ಯಾಸಕ್ಕೆ ಇಳಿದರೆ ಅವಳ ಕಪಾಟಿನ ಗಾಜು ಸಣ್ಣಗೆ ಗುಂಯ್ ಎನ್ನುತ್ತದೆ.

ಅಪ್ಪ ಮೊದಲು ಕುದುರೆಯ ಜೀನು ಹೊಲಿಯುತ್ತಿದ್ದವನು. ಕುದುರೆಗಳು ಕಡಿಮೆಯಾದವು, ಮೈದಾನಕ್ಕೆ ಸೈಕಲ್ಲುಗಳು ಬಂದವು. ಬಟ್ಟೆಯ ಟೋಪಿ ತೊಟ್ಟು ಓಡಿಸುತ್ತಿದ್ದ ಸವಾರರು ಬಿದ್ದು ತಲೆ ಒಡೆದುಕೊಳ್ಳುವುದನ್ನು ನೋಡಿ ನೋಡಿ ಅವನು ತೊಗಲಿನ ಹೆಲ್ಮೆಟ್ ಹೊಲಿಯಲು ಕೂತ. ಬೆರಳು ಗಾತ್ರದ ತೊಗಲಿನ ಕೊಳವೆಗಳು, ಒಳಗೆ ಗಟ್ಟಿಯಾಗಿ ತುರುಕಿದ ಉಣ್ಣೆ. ಹಣೆಯ ಸುತ್ತ ಒಂದು, ಹಣೆಯಿಂದ ಹಿಂದಕ್ಕೆ ಐದು. ದೂರದಿಂದ ನೋಡಿದರೆ ಪಂಜರ ಕವಿಚಿಕೊಂಡ ಹಾಗೆ. "ಊರಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಟೋಪಿ ಹಾಕ್ತಾರೆ. ಅಳತೆ ತಗೊಂಡು ಹಾಕೋನು ಇವನೊಬ್ಬನೇ" ಎಂದು ಸವಾರರು ತಮಾಷೆ ಮಾಡುತ್ತಿದ್ದರು.

ಅಳತೆಗೆ ಅವನು ಟೇಪು ಮುಟ್ಟುತ್ತಿರಲಿಲ್ಲ. ಒಂದು ತಲೆಗೆ ಒಂದು ದಾರ, ದಾರಕ್ಕೊಂದು ಗಂಟು, ತುದಿಗೆ ಸವಾರನ ಗುರುತು ಬರೆದ ತೊಗಲಿನ ಚೂರು. ಆ ದಾರಗಳು ಇವತ್ತಿಗೂ ಅಂಗಡಿಯ ಒಂದಿಡೀ ಗೋಡೆಯಲ್ಲಿ ಮೊಳೆಗಳಿಂದ ಜೋತುಬಿದ್ದಿವೆ. ಎದುರು ಗೋಡೆಯಲ್ಲಿ ಹಳೆಯ ಹೆಲ್ಮೆಟ್ಟುಗಳ ಸಾಲು, ಎಲ್ಲದರ ಗಲ್ಲದ ಪಟ್ಟಿಯೂ ಕತ್ತರಿಸಿದೆ. ಇದು ಅಪ್ಪನ ಇನ್ನೊಂದು ಕಟ್ಟಳೆ. ಒಮ್ಮೆ ಬಿದ್ದ ಹೆಲ್ಮೆಟ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಒಳಗೆ ಅದರ ಆಯುಷ್ಯ ಮುಗಿದಿರುತ್ತದೆ. ಇನ್ಯಾರೂ ಅದನ್ನು ತೊಡಬಾರದು. ಅದಕ್ಕೇ ತೊಟ್ಟು ಬಿದ್ದವನೇ ಎದ್ದು ಬಂದು, ತನ್ನ ಕೈಯಾರೆ ಪಟ್ಟಿ ಕತ್ತರಿಸಿ, ಗೋಡೆಗೆ ತೂಗುಹಾಕಿ ಹೋಗಬೇಕು. ತೊಗಲು ಹೋಗಿ ಗಟ್ಟಿ ಚಿಪ್ಪು ಬಂತು, ಚಿಪ್ಪು ಹೋಗಿ ಬೆಂಡಿನಂಥ ಹಗುರ ಥರ್ಮಾಕೋಲಿನವು ಬಂದವು. ಈ ಕಟ್ಟಳೆ ಮಾತ್ರ ಹಾಗೇ ಉಳಿಯಿತು.

ಆ ಸಾಲಿನ ಕೊನೆಗೆ, ಬಾಗಿಲ ಹಿಂದೆ, ಪಟ್ಟಿ ಕತ್ತರಿಸದ ಹೆಲ್ಮೆಟ್ ಒಂದಿತ್ತು. ಅದು ಅವಳ ತಮ್ಮನದು.

ಮೂವತ್ತೊಂದು ವರ್ಷದ ಹಿಂದೆ, ಇಪ್ಪತ್ತಮೂರು ತುಂಬಿದ ತಮ್ಮ ಅದನ್ನು ತೊಟ್ಟು ಆ ಪಥದಲ್ಲಿ ಬಿದ್ದ. ಜೀವ ಉಳಿಯಿತು. ಒಂದು ಕಿವಿ ಹೋಯಿತು, ಮೂಗಿಗೆ ವಾಸನೆ ಹೋಯಿತು, ಮೈಯ ಸಮತೋಲ ಹೋಯಿತು. ಅಂದಿನಿಂದ ಅವನು ಗೋಡೆಗೆ ಕೈಯಾನಿಸಿಯೇ ನಡೆಯುತ್ತಾನೆ. ಓಣಿಯ ಗೋಡೆಯಲ್ಲಿ, ಸೊಂಟದೆತ್ತರಕ್ಕೆ, ಅವನ ಬೆರಳುಗಳು ಸವರಿ ಸವರಿ ಒಂದು ಕರಿಗೆರೆ ಮೂಡಿದೆ. ಓಣಿಯ ಆ ತುದಿಯ ಸೈಕಲ್ ಅಂಗಡಿಯಲ್ಲಿ ಕೂತು ಚಕ್ರಗಳ ಸೊಟ್ಟು ತೆಗೆಯುವುದು ಅವನ ಕೆಲಸ. "ನಾನೇ ನೆಟ್ಟಗೆ ನಿಲ್ಲಲ್ಲ, ನನ್ನ ಚಕ್ರ ಮಾತ್ರ ನೆಟ್ಟಗೆ ತಿರುಗುತ್ತೆ" ಎಂದು ತಾನೇ ನಗುತ್ತಾನೆ. ಆಸ್ಪತ್ರೆಯಲ್ಲಿ ಅವನಿಗೆ ಮತ್ತೆ ನಡೆಯಲು ಕಲಿಸಿದವಳೇ ಅವನ ಹೆಂಡತಿಯಾದಳು. ಒಬ್ಬಳೇ ಮಗಳು, ಈಗ ಇಪ್ಪತ್ತೆರಡು, ಅದೇ ಮೈದಾನದ ಸವಾರಳು.

ಬೀಳುವುದು ಅವನಿಗೆ ತಪ್ಪಿದ್ದಲ್ಲ. ವರ್ಷಕ್ಕೆ ನಾಲ್ಕೈದು ಸಲವಾದರೂ ಓಣಿಯ ಮೆಟ್ಟಿಲಲ್ಲಿ ಮುಗ್ಗರಿಸುತ್ತಾನೆ. ನಡೆಯುವಾಗ ಹಗುರವಾದ ಹೆಲ್ಮೆಟ್ ಒಂದು ತೊಟ್ಟುಕೋ ಎಂದು ಡಾಕ್ಟರು ಹೇಳಿದರು, ಹೆಂಡತಿ ಹೇಳಿದಳು, ಮಗಳು ಅತ್ತು ಹೇಳಿದಳು. "ಒಂದು ಸಲ ತೊಟ್ಟಿದ್ದು ಸಾಕು" ಎನ್ನುವುದು ಅವನ ಒಂದೇ ಉತ್ತರ. ಅವನು ಹಾಗೆ ಹೇಳಿದಾಗಲೆಲ್ಲ ಅಕ್ಕ ಬೇರೆ ಏನೋ ಕೆಲಸವಿದ್ದವಳಂತೆ ಒಳಗೆ ಹೋಗಿಬಿಡುತ್ತಿದ್ದಳು.

ಆ ವರ್ಷ ಮೈದಾನಕ್ಕೆ ಎಪ್ಪತ್ತೈದು ತುಂಬಿತು. ಹಳೆಯ ಸೈಕಲ್ಲು, ಹಳೆಯ ಹೆಲ್ಮೆಟ್ಟುಗಳಲ್ಲಿ ಒಂದು ಭಾನುವಾರ ಬೆಳಿಗ್ಗೆ ಪಥವನ್ನು ಸುತ್ತುವ ಏರ್ಪಾಡಾಯಿತು. ಬುಧವಾರ ಮಧ್ಯಾಹ್ನ ಸೋದರಸೊಸೆ, ತಮ್ಮನ ಮಗಳು, ಅಂಗಡಿಗೆ ಬಂದವಳೇ ಬಾಗಿಲ ಹಿಂದೆ ಕೈಹಾಕಿದಳು.

"ಅತ್ತೆ, ಭಾನುವಾರ ನಾನು ಅಪ್ಪನ ಹೆಲ್ಮೆಟ್ ತೊಡ್ತೀನಿ. ನನ್ನ ತಲೆಗೆ ಕೂರಿಸಿಕೊಡು."

"ಅದು ಬಿದ್ದಿರೋ ಹೆಲ್ಮೆಟ್ಟು. ತೊಡೋ ಹಾಗಿಲ್ಲ, ನಿನಗೇ ಗೊತ್ತು."

"ಬಿದ್ದಿದ್ದರೆ ಪಟ್ಟಿ ಯಾಕೆ ಕತ್ತರಿಸಿಲ್ಲ? ನಿನ್ನದೇ ಕಾನೂನು ಅಲ್ವಾ?"

"ಅವನೇ ಬಂದು ಕತ್ತರಿಸಬೇಕು. ಅವನು ಬರಲಿಲ್ಲ."

"ಅತ್ತೆ, ನಡಿಗೆಯ ವೇಗದಲ್ಲಿ ಎರಡು ಸುತ್ತು ಅಷ್ಟೇ. ಎಮ್ಮೆ ಮೇಲೆ ಕೂತು ಹೋದರೂ ಅದಕ್ಕಿಂತ ಬೇಗ ಹೋಗಬಹುದು." ಅವಳು ಹೆಲ್ಮೆಟ್ಟನ್ನು ಎದೆಗವಚಿಕೊಂಡು ಕುರ್ಚಿಯಲ್ಲಿ ಕೂತಳು. ದನಿ ಇಳಿಯಿತು. "ಮೈದಾನದಲ್ಲಿ ಹಳಬರು ಇವತ್ತಿಗೂ ಏನಂತಾರೆ ಗೊತ್ತಾ? ಮಗನ ತಲೆಯನ್ನೇ ಉಳಿಸದ ಟೋಪಿ ಅಂತಾರೆ. ತಾತನ ಮುಖಾನೇ ನೋಡದವರೂ ಅಂತಾರೆ. ನಾನು ಇದನ್ನ ತೊಟ್ಟು ಎಲ್ಲರ ಮುಂದೆ ಹೋಗಬೇಕು ಅತ್ತೆ."

ಅಳತೆಯಮ್ಮನ ಕೈಯಲ್ಲಿದ್ದ ಸ್ಪಂಜಿನಿಂದ ನೀರು ನೆಲಕ್ಕೆ ತೊಟ್ಟಿಕ್ಕಿತು.

ಆ ಮಾತು ಅವಳಿಗೆ ಹೊಸದಲ್ಲ. ತಮ್ಮ ಬಿದ್ದ ವರ್ಷವೇ ಹುಟ್ಟಿದ ಮಾತು. ಆರು ತಿಂಗಳಲ್ಲಿ ಅಪ್ಪನ ಹತ್ತಿರ ತೊಗಲಿನ ಹೆಲ್ಮೆಟ್ ಮಾಡಿಸಲು ಬರುವವರು ನಿಂತುಹೋದರು. ಅಪ್ಪ ಯಾರಿಗೂ ಎದುರಾಡಲಿಲ್ಲ. ಸೂಜಿ, ದಬ್ಬಳಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಹೊರಗಿನಿಂದ ಬಂದ ಗಟ್ಟಿ ಚಿಪ್ಪಿನ ಹೆಲ್ಮೆಟ್ಟುಗಳನ್ನು ಮಾರಲು ಕೂತ. ಹನ್ನೆರಡು ವರ್ಷದ ಹಿಂದೆ ತೀರಿಕೊಳ್ಳುವ ತನಕ ಆ ಬಟ್ಟೆಯನ್ನು ಬಿಚ್ಚಲಿಲ್ಲ.

ನಡೆದದ್ದು ಏನೆಂದು ಅವಳೊಬ್ಬಳಿಗೇ ಗೊತ್ತು ಎಂದು ಅವಳು ತಿಳಿದಿದ್ದಳು. ಆ ಹೆಲ್ಮೆಟ್ಟಿಗೆ ಅಳತೆ ತೆಗೆದ ದಿನ ಅಪ್ಪ ತೊಗಲು ತರಲು ಹೋಗಿದ್ದ. ತಮ್ಮ ಅವಸರದಲ್ಲಿ ಓಡಿಬಂದು, "ಅಕ್ಕ, ನೀನೇ ಅಳತೆ ತಗೋ" ಎಂದು ಕೂತ. ಹೆಗಲು ಮುಟ್ಟುವ ಗುಂಗುರು ಕೂದಲು ಅವನದು. ಅವಳು ಬಟ್ಟಲು ಎತ್ತಿಕೊಂಡಾಗ ಕೈ ಹಿಡಿದ. "ಒದ್ದೆ ಮಾಡಬೇಡ ಮಾರಾಯ್ತಿ, ಈಗ ಫೋಟೋ ತೆಗೆಸೋಕೆ ಹೋಗಬೇಕು." ಅವಳು ಒಣಗೂದಲ ಮೇಲೇ ದಾರ ಸುತ್ತಿ ಗಂಟು ಹಾಕಿದಳು. ಅಪ್ಪ ಆ ಗಂಟಿಗೆ ಹೊಲಿದ. ತೊಟ್ಟು ನೋಡಿದಾಗಲೂ ಆ ಕೂದಲಿನ ಪೊದೆಯ ಮೇಲೆ ಹೆಲ್ಮೆಟ್ ಬಿಗಿಯಾಗಿಯೇ ಕೂತಿತ್ತು. ಪಂದ್ಯದ ದಿನ ಹತ್ತು ಸುತ್ತಿನ ಬೆವರಿಗೆ ಕೂದಲು ತೊಯ್ದು ನೆತ್ತಿಗೆ ಅಂಟಿತು.

ಬಿದ್ದ ಮೇಲೆ ಹೆಲ್ಮೆಟ್ಟನ್ನು ಪಥದಿಂದ ಎತ್ತಿದವಳು ಅವಳೇ. ಮುಂದಿನ ಕೊಳವೆಯ ಮೇಲೆ ಒಂದು ಗೀರೂ ಇರಲಿಲ್ಲ. ತರಚಿದ್ದೆಲ್ಲ ಹಿಂದಿನದು. ಅಂದರೆ ಬೀಳುವ ಹೊತ್ತಿಗೆ ಅದು ಹಿಂದಕ್ಕೆ ಜಾರಿ, ಹಣೆ ಬಯಲಾಗಿತ್ತು. ನೋಡಿದ ಕೂಡಲೇ ಅವಳಿಗೆ ಎಲ್ಲವೂ ತಿಳಿಯಿತು. ಮೊದಲ ದಿನ ಹೇಳಲು ಬಾಯಿ ಬರಲಿಲ್ಲ. ಮೊದಲ ದಿನ ಹೇಳದ್ದನ್ನು ಹತ್ತನೆಯ ದಿನ ಹೇಳುವುದು ಇನ್ನೂ ಕಷ್ಟ. ಹೀಗೇ ಮೂವತ್ತೊಂದು ವರ್ಷ. ದಿನಾ ದೇವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಆದರೆ ದೇವರಿಗೆ ಹೇಳುವುದು ಸುಲಭ, ಅವನಿಗೆ ಮೊದಲೇ ಗೊತ್ತಿರುತ್ತದೆ.

"ಅತ್ತೆ?" ಎಂದಳು ಸೊಸೆ.

ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಕೂರಿಸಿಕೊಟ್ಟರೆ, ಆ ತಪ್ಪು ಅಳತೆಯನ್ನು ಅವನ ಮಗಳ ತಲೆಗೂ ಕಟ್ಟಿದಂತೆ. ಅವಳು ಸ್ಟೂಲು ಎಳೆದುಕೊಂಡು ಹತ್ತಿ, ಗೋಡೆಯ ಮೇಲಿನ ಮೂಲೆಯ ಮೊಳೆಯಿಂದ ತಮ್ಮನ ದಾರವನ್ನು ಇಳಿಸಿದಳು. ಅಂದಿನಿಂದ ಅವಳು ಮುಟ್ಟದ ದಾರ ಅದೊಂದೇ. ಧೂಳು ಕೊಡವಿ, ಗಂಟನ್ನು ತೋರಿಸಲೆಂದು ಬೆರಳಲ್ಲಿ ಜಗ್ಗಿದವಳು ಹಾಗೇ ನಿಂತಳು.

ದಾರದಲ್ಲಿ ಎರಡು ಗಂಟುಗಳಿದ್ದವು.

ಒಂದು ಅವಳದು. ಅದರಿಂದ ಹೆಬ್ಬೆರಳ ಉಗುರಿನಷ್ಟು ಒಳಗೆ ಇನ್ನೊಂದು. ಅದರ ಸುತ್ತು ಎಡಕ್ಕಿತ್ತು. ಅಪ್ಪ ಎಡಚ. ಆ ಗೋಡೆಯ ಹಳೆಯ ಗಂಟುಗಳೆಲ್ಲ ಹಾಗೆಯೇ ಎಡಕ್ಕೆ ಸುತ್ತಿದವು, ಕತ್ತಲಲ್ಲಿ ಮುಟ್ಟಿದರೂ ಅವಳು ಗುರುತು ಹಿಡಿಯುತ್ತಿದ್ದಳು.

ಅವಳು ಸ್ಟೂಲಿನ ಮೇಲೆಯೇ ಕೂತಳು. ಆಸ್ಪತ್ರೆಯ ಒಂದು ಮಧ್ಯಾಹ್ನ ನೆನಪಾಯಿತು. ತಮ್ಮನ ತಲೆ ಬೋಳಿಸಿದ್ದರು, ಬಾವು ಇಳಿದಿತ್ತು, ಅವನು ನಿದ್ದೆಯಲ್ಲಿದ್ದ. ಅವಳು ನೀರು ಹಿಡಿದುಕೊಂಡು ಬಂದಾಗ ಅಪ್ಪ ಹಾಸಿಗೆಯ ಪಕ್ಕ ತಲೆ ತಗ್ಗಿಸಿ ಕೂತಿದ್ದ. ಬೆರಳುಗಳ ನಡುವೆ ಒಂದು ದಾರವಿತ್ತು. ಪ್ರಾರ್ಥನೆ ಮಾಡುತ್ತಿದ್ದಾನೆ ಎಂದುಕೊಂಡು ಅವಳು ಬಾಗಿಲಿನಿಂದಲೇ ಹಿಂದೆ ಸರಿದಿದ್ದಳು. ಮುಂದಿನ ವಾರ ಅಂಗಡಿ ತೆರೆದಾಗ ಅಪ್ಪ ದಾರದ ಉಂಡೆಯನ್ನು ಅವಳ ಮಡಿಲಿಗೆ ಹಾಕಿದ. "ಇನ್ಮೇಲೆ ಅಳತೆಯೆಲ್ಲ ನಿನ್ನದೇ. ನನ್ನ ಕಣ್ಣು ನಂಬೋ ಹಾಗಿಲ್ಲ" ಎಂದ. ಹೊರಗೆ ಹೋಗುತ್ತಾ, ತಿರುಗಿ ನೋಡದೆ, "ಒದ್ದೆ ಮಾಡಿ ತಗೋ ಮಗಳೇ" ಎಂದ. ಅವಳು ಅದನ್ನು ಎಲ್ಲರಿಗೂ ಹೇಳುವ ಮಾತು ಎಂದೇ ತಿಳಿದಿದ್ದಳು.

ಆ ಬೋಳುತಲೆಯನ್ನು ಅಳೆದ ಅಪ್ಪನಿಗೆ ಗೊತ್ತಿತ್ತು. ಊರೆಲ್ಲ ಅವನ ತೊಗಲನ್ನು, ಅವನ ಹೊಲಿಗೆಯನ್ನು ಆಡಿಕೊಂಡಾಗ ಒಂದೇ ಒಂದು ಮಾತು ಅಂದಿದ್ದರೆ ಸಾಕಿತ್ತು. ಆ ಒಂದು ಮಾತು ಮಗಳ ಮೇಲೆ ಬೀಳುತ್ತಿತ್ತು. ಅವನು ಅದನ್ನು ನುಂಗಿಕೊಂಡು ಹತ್ತೊಂಬತ್ತು ವರ್ಷ ಬದುಕಿ ಹೋದ.

ಅವಳು ಸೊಸೆಗೆ ಎಲ್ಲವನ್ನೂ ಹೇಳಿದಳು. ದಾರವನ್ನು ಅವಳ ಕೈಗೇ ಕೊಟ್ಟಳು. ಹುಡುಗಿ ಎರಡು ಗಂಟುಗಳ ನಡುವಿನ ಜಾಗವನ್ನು ಉಗುರಿನಿಂದ ಮುಟ್ಟಿ ಮುಟ್ಟಿ ನೋಡಿದಳು.

"ಅಪ್ಪನಿಗೆ ಗೊತ್ತಾ?"

"ಇಲ್ಲ."

"ನಾನು ಹೇಳಲ್ಲ ಅತ್ತೆ." ಅವಳು ಎದ್ದು ಹೆಲ್ಮೆಟ್ಟನ್ನು ಮತ್ತೆ ಬಾಗಿಲ ಹಿಂದೆ ಸಿಕ್ಕಿಸಿದಳು. "ನೀನೇ ಹೇಳಬೇಕು."

ಮರುದಿನ ಬೆಳಿಗ್ಗೆ ಅವಳು ಅಂಗಡಿ ತೆರೆಯಲಿಲ್ಲ. ಓಣಿಯ ಕರಿಗೆರೆಯ ಪಕ್ಕದಲ್ಲೇ ನಡೆದು ಸೈಕಲ್ ಅಂಗಡಿಗೆ ಹೋದಳು. ತಮ್ಮ ಚೌಕಟ್ಟಿಗೆ ಸಿಕ್ಕಿಸಿದ ಚಕ್ರವನ್ನು ತಿರುಗಿಸಿ, ಕೇಳುವ ಕಿವಿಯನ್ನು ಅದರ ಹತ್ತಿರ ಹಿಡಿದು, ಕಡ್ಡಿಯ ಸದ್ದಿನಲ್ಲೇ ಸೊಟ್ಟು ಹುಡುಕುತ್ತಿದ್ದ. ಅವಳು ಆ ಕಿವಿಯ ಪಕ್ಕ ಹೋಗಿ ನಿಂತಳು.

"ಏನಕ್ಕ, ಇಷ್ಟು ಹೊತ್ತಿಗೇ ಬಂದೆ? ಯಾವನಾದರೂ ತಲೆ ಬಿಟ್ಟು ಓಡಿಹೋದನಾ?"

ಅವಳು ನಗಲಿಲ್ಲ. ನಿಂತುಕೊಂಡೇ ಹೇಳಿದಳು. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದೇ ಅವಳಿಗೆ ಆಶ್ಚರ್ಯವಾಯಿತು. ಚಕ್ರ ತಿರುಗಿ ತಿರುಗಿ ತಾನಾಗಿ ನಿಂತಿತು.

"ಒದ್ದೆ ಮಾಡಬೇಡ ಅಂದವನು ನಾನೇ ಅಲ್ವಾ?" ಎಂದ ಅವನು.

"ಅಂದವನು ನೀನು. ಕೇಳಿದವಳು ನಾನು. ಕುರ್ಚಿಯಲ್ಲಿ ಕೂತವರು ಏನು ಬೇಕಾದರೂ ಅಂತಾರೆ, ದಾರ ಹಿಡಿದವರು ಕೇಳಬಾರದು."

"ತೊಗಲಿನ ತಪ್ಪಲ್ಲ ಹಾಗಾದರೆ."

"ತೊಗಲು ಎಷ್ಟು ಕಾಯ್ತಿತ್ತೋ ದೇವರಿಗೇ ಗೊತ್ತು. ಹಣೆ ಮೇಲೆ ಇದ್ದಿದ್ದರೆ ಅಲ್ವಾ ಗೊತ್ತಾಗೋದು."

ಅವನು ಕೈಯಲ್ಲಿದ್ದ, ಕಡ್ಡಿ ಬಿಗಿಯುವ ಚಾವಿಯನ್ನು ಮೇಜಿನ ಮೇಲಿಟ್ಟ. "ಇಷ್ಟು ವರ್ಷ ನಾನು ಏನಂದ್ಕೊಂಡಿದ್ದೆ ಗೊತ್ತಾ ಅಕ್ಕ? ನಾನು ಬಿದ್ದಿದ್ದಕ್ಕೇ ಅಪ್ಪನ ಕಸಬು ಮುಳುಗಿತು ಅಂತ. ಕೆಟ್ಟದಾಗಿ ಬಿದ್ದೆ, ಅವನ ಹೆಸರು ಕೆಡಿಸಿದೆ ಅಂತ. ಆ ಪಟ್ಟಿ ಕತ್ತರಿಸೋಕೆ ಯಾಕೆ ಬರಲಿಲ್ಲ ಅಂತ ನೀನು ಒಂದು ದಿನಾನಾದರೂ ಕೇಳಿದೆಯಾ? ಅದನ್ನ ಆ ಸಾಲಲ್ಲಿ ತೂಗುಹಾಕಿ ಅಪ್ಪನ ಕಣ್ಣೆದುರು ನಿಲ್ಲೋಕೆ ನನಗೆ ಮುಖ ಇರಲಿಲ್ಲ."

ಅವಳು ಅವನ ಹೆಗಲು ಮುಟ್ಟಹೋದಳು. ಅವನು ಸರಿದುಕೊಂಡ.

"ಹೋಗಕ್ಕ. ಈಗ ಹೋಗು."

ಗುರುವಾರ, ಶುಕ್ರವಾರ, ಶನಿವಾರ ಅವನು ಅಂಗಡಿಯ ಮುಂದೆ ಹಾಯಲಿಲ್ಲ. ಮೈದಾನ ಸುತ್ತಿಕೊಂಡು, ಕೈಯಾನಿಸಲು ಗೋಡೆಯೇ ಇಲ್ಲದ ಆಚೆ ರಸ್ತೆಯಲ್ಲಿ, ಹೆಂಡತಿಯ ತೋಳು ಹಿಡಿದು ಹೋಗಿಬಂದನಂತೆ. ಅವಳು ಬಂದವರ ತಲೆಗೆ ನೀರು ಹಚ್ಚಿದಳು, ಗಂಟು ಹಾಕಿದಳು. ಕ್ಷಮಿಸುವಂತೆ ಮಾಡು ಎಂದು ದೇವರನ್ನು ಕೇಳಲಿಲ್ಲ. ಅವನು ಆ ರಸ್ತೆಯಲ್ಲಿ ಬೀಳದಿರಲಿ ಎಂದಷ್ಟೇ ಕೇಳಿಕೊಂಡಳು.

ಭಾನುವಾರ ಬೆಳಿಗ್ಗೆ ಸೊಸೆ ತನ್ನ ಹೊಸ ಹೆಲ್ಮೆಟ್ ಹಿಡಿದುಕೊಂಡು ಬಂದಳು. ಬಂದವಳೇ ಕುರ್ಚಿಯಲ್ಲಿ ಕೂತು, ತುರುಬು ಬಿಚ್ಚಿ ಕೆಳಗೆ ಜಡೆ ಹೆಣೆದುಕೊಂಡು, "ಒದ್ದೆ ಮಾಡು" ಎಂದಳು. ಅಳತೆಯಮ್ಮ ಪಟ್ಟಿ ಸರಿಪಡಿಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು.

ತಮ್ಮ ಗೋಡೆ ಹಿಡಿದು ಒಳಗೆ ಬಂದ. ಯಾರ ಮುಖವನ್ನೂ ನೋಡಲಿಲ್ಲ. ಬಾಗಿಲ ಹಿಂದಿನ ಹೆಲ್ಮೆಟ್ಟನ್ನು ತೆಗೆದು, "ಕತ್ತರಿ" ಎಂದು ಕೈಚಾಚಿದ. ಅವಳು ತೊಗಲಿನ ಕತ್ತರಿಯನ್ನೇ ಕೊಟ್ಟಳು. ಹಳೆಯ ಪಟ್ಟಿ ಒಣಗಿ ಕಟ್ಟಿಗೆಯಂತಾಗಿತ್ತು. ಮೂರು ಸಲ ಒತ್ತಬೇಕಾಯಿತು. ಮೂರನೆಯ ಸಲ ಅದು ಎರಡು ತುಂಡಾಗಿ ಜೋತುಬಿತ್ತು.

"ಇದನ್ನ ತೊಡಬೇಡ ಮಗಳೇ" ಎಂದ. "ಹ್ಯಾಂಡಲ್ಲಿಗೆ ಕಟ್ಕೊಂಡು ಹೋಗು. ಆಮೇಲೆ ತಂದು ಆ ಸಾಲಲ್ಲಿ ಹಾಕು. ತಾತನ ಹೊಲಿಗೆ ಒಂದು ಎಳೆಯೂ ಬಿಟ್ಟಿಲ್ಲ, ಎಲ್ಲರೂ ನೋಡಲಿ."

ಮಗಳು ಎದ್ದು ಹೋದ ಮೇಲೆ ಅವನು ಅದೇ ಕುರ್ಚಿಯಲ್ಲಿ ಕುಸಿದು ಕೂತ. ಎದುರಿನ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ. ಗುಂಗುರೆಲ್ಲ ಹೋಗಿ ಕಿವಿಯ ಮೇಲೆ ನಾಲ್ಕು ಬಿಳಿ ಎಳೆ ಉಳಿದಿದ್ದವು.

"ಕೋಪ ಹೋಗಿಲ್ಲ ಅಕ್ಕ. ಹೋಗುತ್ತೆ ಅಂತಲೂ ಹೇಳಲ್ಲ."

"ಸರಿ."

"ಆ ರಸ್ತೆಯಲ್ಲಿ ಮೊನ್ನೆ ಬಿದ್ದೆ. ಮೊಣಕೈ ಅಷ್ಟೇ. ಅಳತೆ ತಗೋ."

ಅವಳು ಬಟ್ಟಲನ್ನು ಎತ್ತಿಕೊಂಡಳು. "ಒದ್ದೆ ಮಾಡೋಕೆ ಕೂದಲು ಎಲ್ಲಿದೆ?" ಎಂದ ಅವನು. "ಇರಲಿ" ಎಂದು ಅವಳು ಆ ನಾಲ್ಕು ಎಳೆಗಳನ್ನೂ ನೀರು ಹಚ್ಚಿ ಒತ್ತಿದಳು. ಹೊಸ ದಾರ ಕತ್ತರಿಸಲಿಲ್ಲ. ಹಳೆಯದನ್ನೇ ಸುತ್ತಿದಳು. ತುದಿ ಬಂದು ಅಪ್ಪನ ಎಡಸುತ್ತಿನ ಗಂಟಿನ ಮೇಲೆ ಸರಿಯಾಗಿ ಕೂತಿತು. ಹಣೆಯ ಹಳೆಯ ಗಾಯದ ಗುರುತು ದಾರದ ಕೆಳಗೆ ಮರೆಯಾಯಿತು.

ಒಂದು ಬಿಳಿಯ ಹಗುರ ಹೆಲ್ಮೆಟ್ ಆರಿಸಿ ತಲೆಗಿಟ್ಟಳು. ಕೊಡವಿ ನೋಡಿದ. ಬಾಯಿ ತೆರೆದ. ನೆತ್ತಿ ಜಗ್ಗಿತು. ಕ್ಲಿಪ್ ಸೇರಿಸುವಾಗ ಅವಳ ತುಟಿ ಅಲುಗಿದ್ದನ್ನು ಅವನು ಕನ್ನಡಿಯಲ್ಲಿ ನೋಡಿದ.

ಇಬ್ಬರೂ ಮೈದಾನಕ್ಕೆ ಹೋದರು. ಅವನು ಒಂದು ಕೈಯಲ್ಲಿ ಗೋಡೆಯನ್ನು ಹಿಡಿದಿದ್ದ, ಅವಳು ಅವನಿಗಿಂತ ಒಂದು ಹೆಜ್ಜೆ ಹಿಂದೆ ನಡೆದಳು. ಪಥದ ಅಂಚಿನ ಕಟಕಟೆಯ ಬಳಿ ಹಳೆಯ ಸವಾರರು ಸೇರಿದ್ದರು. ಮೊದಲ ಸುತ್ತಿನಲ್ಲಿ ಮಗಳು ಹಾದುಹೋದಾಗ, ಹ್ಯಾಂಡಲ್ಲಿನಲ್ಲಿ ತೂಗಾಡುತ್ತಿದ್ದ ತೊಗಲಿನ ಪಂಜರವನ್ನು ಕಂಡು ಒಬ್ಬ ಮುದುಕ ಪಕ್ಕದವನಿಗೆ, "ಅದೇ ನೋಡು, ಮಗನ ತಲೆಯನ್ನೇ ಉಳಿಸದ ಟೋಪಿ" ಎಂದ.

ಅಳತೆಯಮ್ಮ ಅವನ ಮುಂದೆ ಹೋಗಿ ನಿಂತಳು. ದನಿ ಏರಿಸಲಿಲ್ಲ, ಆದರೆ ಅಲ್ಲಿದ್ದವರೆಲ್ಲರಿಗೂ ಕೇಳಿಸಿತು.

"ಟೋಪಿ ಸರಿಯಾಗಿತ್ತು ಅಣ್ಣ. ಅಳತೆ ತಪ್ಪಿತ್ತು. ಅಳತೆ ತಗೊಂಡವಳು ನಾನು."

ಮುದುಕ ಅವಳನ್ನು ನೋಡಿದ, ಅವಳ ಹಿಂದೆ ಬಿಳಿ ಹೆಲ್ಮೆಟ್ ತೊಟ್ಟು ಕಟಕಟೆ ಹಿಡಿದು ನಿಂತವನನ್ನು ನೋಡಿದ. ತನ್ನ ಬಟ್ಟೆಯ ಟೋಪಿಯನ್ನು ನಿಧಾನವಾಗಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಪಥದ ಆಚೆ ಬದಿಯಿಂದ ಸೈಕಲ್ಲುಗಳ ಗುಂಯ್ ಎನ್ನುವ ಸದ್ದು ಎರಡನೆಯ ಸುತ್ತಿಗೆ ಹತ್ತಿರವಾಗುತ್ತಿತ್ತು. ತಮ್ಮ ಕೇಳುವ ಕಿವಿಯನ್ನು ಅತ್ತ ತಿರುಗಿಸಿದ.